ತಂದೆಯ ಉದ್ಯೋಗ: ರೈಟರ್

ಕೊಡ್ಲಿಪೇಟೆ
22 ಫೆಬ್ರವರಿ 1953

ಪ್ರೀತಿಯ ಅಪ್ಪನವರಿಗೆ ಮಗ ಪುಟ್ಟನ ವಂದನೆಗಳು.

ಕ್ರಿಸ್ಮಸ್ಸಿಗೆ ಬಂದಾಗ ಹೇಳಿದ್ದೆನಲ್ಲ, ಆ ಸಂಗತಿ ಈಗ ಗಟ್ಟಿಯಾಯಿತು. ಮಂಗಳೂರಿನ ಸೆಮಿನರಿಯಿಂದ ಫಾರಂ ಬಂದಿದೆ. ಮೂರು ವರ್ಷ ಇಲ್ಲಿನ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟದ್ದು ಸಾಕು. ಇನ್ನು ಪಾದ್ರಿಯಾಗುವುದಕ್ಕೆ ಓದುತ್ತೇನೆ. ಓದಿ ಮುಗಿಸಿ ನಮ್ಮ ಪಾಲಿಬೆಟ್ಟದ ಕಡೆಗೇ ಬರಬೇಕೆಂದು ಆಸೆ.

ನಮ್ಮ ಹೆಡ್‌ಮಾಸ್ತರು ಮಹದೇವಪ್ಪನವರು ಒಳ್ಳೆಯ ಮಾತು ಬರೆದುಕೊಟ್ಟಿದ್ದಾರೆ. ಇಲ್ಲಿಗೆ ಬಂದುಹೋಗುವ ಪಾದ್ರಿಗಳೂ ಕೊಟ್ಟಿದ್ದಾರೆ. ಇನ್ನು ಎರಡೇ ಬಾಕಿ. ಒಂದು, ಇದರೊಳಗಿಟ್ಟಿರುವ ಫಾರಂಗೆ ನಿಮ್ಮ ರುಜು. ಇನ್ನೊಂದು, ನನ್ನ ದೀಕ್ಷಾಸ್ನಾನದ ಚೀಟಿ. ನಿಮ್ಮ ತಗಡಿನ ಪೆಟ್ಟಿಗೆಯಲ್ಲಿ ಅವ್ವನ ಹಾಡಿನ ಪುಸ್ತಕದ ಜೊತೆ ಇರಬಹುದು. ಹುಡುಕಿ ಕಳುಹಿಸಿ. ಮೇ 20ರೊಳಗೆ ಎಲ್ಲವೂ ಮಂಗಳೂರು ಮುಟ್ಟಬೇಕು.

ಹೆಸರು ಎಂಬ ಕಡೆ ‘ಪುಟ್ಟ’ ಎಂದು ಬರೆಯುವಾಗ ನನಗೇ ನಗು ಬಂತು. ನಾಳೆ ಎಲ್ಲರೂ ಪುಟ್ಟ ಪಾದ್ರಿ ಎನ್ನುತ್ತಾರೆ. ಸತ್ಯವೇದದಲ್ಲಿ ಅಷ್ಟೊಂದು ಹೆಸರುಗಳಿರುವಾಗ ನಿಮಗೆ ಇದೊಂದೇ ಸಿಕ್ಕಿತೇ ಅಪ್ಪ?

ನಿಮ್ಮ ಮಗ,
ಪುಟ್ಟ

*

ಪಾಲಿಬೆಟ್ಟ
8 ಮಾರ್ಚ್ 1953

ಕರ್ತನಲ್ಲಿ ಪ್ರಿಯ ಮಗ ಪುಟ್ಟನಿಗೆ ಅಪ್ಪನ ಆಶೀರ್ವಾದ.

ಕಾಗದ ಮುಟ್ಟಿತು. ಕಾಫಿ ಹಣ್ಣಿನ ಪಿಕಿಂಗ್ ಮುಗಿಯಿತು. ಹೋದ ವಾರ ಹೂಮಳೆ ಬಿದ್ದು ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿದೆ. ದೊರೆಗೆ ಖುಷಿಯೋ ಖುಷಿ. ಬೆಳಿಗ್ಗೆ ಆಳುಗಳು ಸೇರುವ ಮಸ್ಟರಿನಲ್ಲಿ ಎಲ್ಲರ ಎದುರು ‘ಗುಡ್ ಮಾರ್ನಿಂಗ್, ರೈಟರ್’ ಎಂದ.

ನೀನು ಪಾದ್ರಿಯಾಗಬೇಕೆಂದಿರುವುದು ನನಗೆ ಎಷ್ಟು ಸಂತೋಷ ಎಂಬುದನ್ನು ಬರೆಯಲಾರೆ. ಆದರೆ ಮಂಗಳೂರೇ ಏಕೆ? ಬೆಂಗಳೂರಿನಲ್ಲಿ ದೊಡ್ಡ ಕಾಲೇಜಿದೆಯಂತೆ. ಎಲ್ಲವೂ ಇಂಗ್ಲಿಷಿನಲ್ಲಂತೆ. ಅಲ್ಲಿ ಓದಿದವರು ಬಂಗಲೆಗೆ ಹೋದರೆ ದೊರೆಯೇ ಕುರ್ಚಿ ಹಾಕಿಸುತ್ತಾನೆ. ನಮ್ಮವರಲ್ಲಿ ಇದುವರೆಗೆ ಯಾರಿಗೂ ಆ ಕುರ್ಚಿ ಸಿಕ್ಕಿಲ್ಲ. ಯೋಚಿಸು.

ರುಜು ಮಾಡಿದ ಫಾರಂ ಇದರೊಳಗಿದೆ. ಪೆಟ್ಟಿಗೆಯ ಬೀಗದ ಕೈ ಎಲ್ಲೋ ಇಟ್ಟಿದ್ದೇನೆ. ನೋಡೋಣ.

ನಿನ್ನ ಅಪ್ಪ,
ಬೋಜ

*

ಕೊಡ್ಲಿಪೇಟೆ
17 ಮಾರ್ಚ್ 1953

ಪ್ರೀತಿಯ ಅಪ್ಪನವರಿಗೆ,

ರುಜುವಿಗೆ ವಂದನೆ. ಆದರೆ ಚೀಟಿ ಎಲ್ಲಿ?

ಕುರ್ಚಿಯ ಮಾತು ಬೇಡ ಅಪ್ಪ. ನಾನು ಕನ್ನಡದಲ್ಲಿ ಓದಬೇಕು, ಕನ್ನಡದಲ್ಲಿ ಬೋಧಿಸಬೇಕು. ಇಂಗ್ಲಿಷಿನಲ್ಲಿ ಕಲಿತ ಪ್ರಾರ್ಥನೆಯನ್ನು ನಮ್ಮ ಲೈನ್ ಮನೆಗಳಲ್ಲಿ ಯಾರ ಮುಂದೆ ಹೇಳಲಿ? ಆಳುಗಳ ಮುಂದೆಯೋ, ದೊರೆಯ ನಾಯಿಯ ಮುಂದೆಯೋ? ಬಂಗಲೆಯ ಕುರ್ಚಿಗೆ ಆಸೆಪಟ್ಟು ದೇವರ ಕೆಲಸಕ್ಕೆ ಹೋಗುವವನು ನಾನಲ್ಲ. ನೀವೂ ಅಂಥವರಲ್ಲ ಎಂದುಕೊಂಡಿದ್ದೆ.

ಬೀಗದ ಕೈ ನಿಮ್ಮ ಕೋಟಿನ ಒಳಜೇಬಿನಲ್ಲಿರುತ್ತದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲೇ ಇದೆ.

ಪುಟ್ಟ

*

ಪಾಲಿಬೆಟ್ಟ
4 ಏಪ್ರಿಲ್ 1953

ಪ್ರಿಯ ಮಗನಿಗೆ ಆಶೀರ್ವಾದ.

ಪೆಟ್ಟಿಗೆ ತೆಗೆದೆ. ಗೆದ್ದಲು ತಿಂದಿದೆ. ಹಾಡಿನ ಪುಸ್ತಕದ ಹಿಂದಿನ ಹಾಳೆಗಳೂ ಹೋಗಿವೆ.

ಬಂಗಲೆಯ ದೊರೆಸಾನಿಗೆ ನಿನ್ನ ವಿಷಯ ಹೇಳಿದೆ. ಬೆಂಗಳೂರಿನ ಕಾಲೇಜಿನವರು ಇಂಥ ಚೀಟಿಗೀಟಿ ಕೇಳುವುದಿಲ್ಲವಂತೆ. ಓದು ಬರುತ್ತದೋ, ಗುಣ ಹೇಗೆ, ಅಷ್ಟೇ ನೋಡುತ್ತಾರಂತೆ. ದೊಡ್ಡವರ ದೊಡ್ಡತನ ಎಂದರೆ ಅದು.

ಲೈನಿನ ದೊಡ್ಡಿ ನಿನ್ನನ್ನು ಕೇಳಿದಳು. ವಯಸ್ಸಾಯಿತು, ಆದರೂ ನರ್ಸರಿಯಲ್ಲಿ ಕಾಫಿ ಸಸಿ ನೆಡುವುದನ್ನು ಬಿಟ್ಟಿಲ್ಲ. ಊಟ ಚೆನ್ನಾಗಿ ಮಾಡು. ಅಲ್ಲಿ ಚಳಿ ಹೆಚ್ಚು, ಕೋಟು ಹಾಕಿಕೊ.

ಬೋಜ

*

ಕೊಡ್ಲಿಪೇಟೆ
21 ಏಪ್ರಿಲ್ 1953

ಅಪ್ಪನವರಿಗೆ,

ಏಪ್ರಿಲ್ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಈ ಕಾಗದ ಬರೆಯುತ್ತಿಲ್ಲ ಎಂದು ಮೊದಲೇ ತಿಳಿಸುತ್ತೇನೆ.

ನಿನ್ನೆ ಬೆಂಗಳೂರಿನ ಕಾಲೇಜಿನಿಂದ ನನಗೊಂದು ಕಾಗದ ಬಂತು. ನಾನು ಅವರಿಗೆ ಬರೆದೇ ಇಲ್ಲ! ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದೀರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಾಯಿತು ನಮ್ಮ ಕಥೆ. ಇದರಲ್ಲಿ ಕೋಣ ಯಾರು ಎಂದು ಮಗನಾಗಿ ನಾನು ಹೇಳಬಾರದು.

ಅದಾದರೂ ಹೋಗಲಿ. ತಂದೆಯ ಉದ್ಯೋಗ ಎಂಬ ಕಡೆ ನೀವು ಇಂಗ್ಲಿಷಿನಲ್ಲಿ ‘ರೈಟರ್’ ಎಂದು ಬರೆದಿದ್ದೀರಿ. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು ಎಂದು ಬೆಂಗಳೂರಿನವರಿಗೆ ಯಾರು ಹೇಳಬೇಕು? ನೀವು ಪುಸ್ತಕ ಬರೆಯುವವರು ಎಂದು ತಿಳಿದುಕೊಂಡಿದ್ದಾರೆ. ‘ತಮ್ಮ ತಂದೆಯವರು ಲೇಖಕರೆಂದು ತಿಳಿದು ಬಹಳ ಸಂತೋಷವಾಯಿತು. ಅವರ ಕೃತಿಗಳಲ್ಲಿ ಒಂದನ್ನು ನಮ್ಮ ಪುಸ್ತಕ ಭಂಡಾರಕ್ಕೆ ಕೊಡಬಹುದೇ?’ ಎಂದು ಕೇಳಿದ್ದಾರೆ. ಏನು ಕಳುಹಿಸಲಿ? ಹೋದ ವರ್ಷದ ಹಾಜರಿಯ ಚೆಕ್‌ರೋಲ್ ಕಳುಹಿಸಲೇ?

ಆ ಕಾಗದ ಓದಿಸಿಕೊಂಡ ಮಹದೇವಪ್ಪನವರು, “ಏನ್ರೀ ಮೇಷ್ಟ್ರೇ, ನಿಮ್ಮಪ್ಪ ಸಾಹಿತಿ ಅಂತ ನಂಗೆ ಒಂದ್ ಮಾತೂ ಹೇಳ್ಲಿಲ್ವಲ್ಲ!” ಎಂದು ಸ್ಕೂಲಿನವರೆಲ್ಲ ಕೇಳುವಂತೆ ನಕ್ಕರು. ಅವರಿಗೆ ನಗು. ನಾನು ಬಿಟ್ಟರೆ ಬೇರೆ ಮಾಸ್ತರನನ್ನು ನೋಡಿಕೊಳ್ಳಬೇಕು, ಮೇ ತಿಂಗಳೊಳಗೆ ಖಚಿತವಾಗಿ ಹೇಳಿ ಎಂದೂ ಅವರೇ ಅಂದರು.

ನೀವು ಕಾಲೇಜಿಗೆ ಬರೆದು ಇದನ್ನು ಸರಿಮಾಡಬೇಕು. ಗೆದ್ದಲು ತಿಂದ ಚೀಟಿಗೆ ಮಡಿಕೇರಿ ಚರ್ಚಿನ ರಿಜಿಸ್ಟರಿನಿಂದ ನಕಲು ತೆಗೆಸಿ ಕಳುಹಿಸಬೇಕು. ಎರಡು ತಿಂಗಳಿಂದ ನಾನು ಕೇಳುತ್ತಿರುವುದು ಒಂದೇ ಒಂದು ಚೀಟಿ.

ಪುಟ್ಟ

*

ಪಾಲಿಬೆಟ್ಟ
28 ಏಪ್ರಿಲ್ 1953

ಮಗನಿಗೆ,

ಇಪ್ಪತ್ತೆಂಟು ವರ್ಷದಿಂದ ನಾನು ರೈಟರ್. ದೊರೆ ಕರೆಯುವುದು ರೈಟರ್. ಮೇಸ್ತ್ರಿ ಕರೆಯುವುದು ರೈಟ್ರು. ನಿನ್ನ ಅವ್ವ ಕೂಡ ನಾಲ್ಕು ಜನರೆದುರು ‘ನಮ್ಮ ರೈಟ್ರು’ ಎನ್ನುತ್ತಿದ್ದಳು. ನನ್ನ ಅಪ್ಪ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ಅದೇ ಪುಸ್ತಕದಲ್ಲಿ ನಾನು ಬೇರೆಯವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಫಾರಂನಲ್ಲಿ ಬೇರೆ ಏನು ಬರೆಯಬೇಕಿತ್ತು? ನಿನಗೆ ನಾಚಿಕೆಯಾಗಿದ್ದರೆ ಆಗಲಿ.

ಕಾಲೇಜಿನವರಿಗೆ ದೊರೆಸಾನಿಯ ಕೈಯಿಂದ ಕಾಗದ ಬರೆಸಿದ್ದೇನೆ. ನಾನು ಯಾವ ಪುಸ್ತಕವನ್ನೂ ಬರೆದಿಲ್ಲ, ಹಾಜರಿ ಬರೆಯುತ್ತೇನೆ, ನನ್ನ ಮಗ ಮಾತ್ರ ಒಳ್ಳೆಯವನು ಎಂದು.

ಮಡಿಕೇರಿಗೆ ಹೋಗಲು ಈಗ ಬಿಡುವಿಲ್ಲ. ನೀನೂ ಹೋಗಬೇಡ.

ಬೋಜ

*

ಮಡಿಕೇರಿ
9 ಮೇ 1953

ಅಪ್ಪ,

ಬೇಡ ಎಂದಿರಿ, ಬಂದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅರ್ಜಿ ಹಾಕಿದ ಮೇಲೆ ರಿಜಿಸ್ಟರಿಗೆ ಬರದೆ ಗತಿಯಿಲ್ಲ.

ಪಾದ್ರಿಗಳೇ ಪುಸ್ತಕ ತೆಗೆದು ತೋರಿಸಿದರು. ನಾನು ಹುಟ್ಟಿದ್ದು 1931ರ ಜುಲೈ ಎಂದು ನೀವೇ ಹೇಳಿದ್ದು. ಆ ವರ್ಷದ ಎಲ್ಲ ಹಾಳೆ ನೋಡಿದೆ. ಮುಂದಿನ ಐದು ವರ್ಷದ್ದೂ ನೋಡಿದೆ. ನನ್ನ ಹೆಸರಿಲ್ಲ. ಪಾಲಿಬೆಟ್ಟದ ಉಳಿದ ಮಕ್ಕಳೆಲ್ಲ ಇದ್ದಾರೆ, ರೈಟರ್ ಬೋಜನ ಮಗನೊಬ್ಬನಿಲ್ಲ. ಯಾವ ಗೆದ್ದಲೂ ತಿಂದಿಲ್ಲ ಅಪ್ಪ. ಪುಸ್ತಕ ಗಟ್ಟಿಯಾಗಿದೆ.

ಇಪ್ಪತ್ತೊಂದು ವರ್ಷ ನಾನು ಯಾರೆಂದುಕೊಂಡು ಪ್ರಾರ್ಥನೆ ಮಾಡಿದೆ? ಯಾರೆಂದುಕೊಂಡು ಕರ್ತನ ಭೋಜನದ ರೊಟ್ಟಿಗೆ ಕೈ ಒಡ್ಡಿದೆ? ಪಾದ್ರಿಗಳ ಮುಂದೆ ಕಳ್ಳನ ಹಾಗೆ ನಿಂತಿದ್ದೆ. ಕೇಳಿದ್ದಕ್ಕೆಲ್ಲ ‘ಗೊತ್ತಿಲ್ಲ’ ಎಂದೆ.

ಇನ್ನು ಹನ್ನೊಂದು ದಿನ. ಸತ್ಯ ಬರೆಯಿರಿ. ಚಳಿಯ ವಿಷಯ, ಕೋಟಿನ ವಿಷಯ ಬೇಡ.

ಪುಟ್ಟ

*

ಪಾಲಿಬೆಟ್ಟ
12 ಮೇ 1953

ಪುಟ್ಟಾ,

ನಿನಗೆ ದೀಕ್ಷಾಸ್ನಾನವಾಗಿದೆ. ಮಾಡಿದವನು ನಾನು.

ನೀನು ಹುಟ್ಟಿ ಒಂಬತ್ತು ದಿನ. ಎಂಟು ದಿನದಿಂದ ಬಿಡದೆ ಮಳೆ. ಹೊಳೆ ತುಂಬಿ ದೋಣಿ ನಿಂತಿತ್ತು. ಪಾದ್ರಿಗೆ ಹೇಳಿಕಳುಹಿಸಿದ್ದ ಆಳು ಅರ್ಧ ದಾರಿಯಿಂದ ವಾಪಸು ಬಂದ. ಮಧ್ಯಾಹ್ನದ ಹೊತ್ತಿಗೆ ನೀನು ಹಾಲು ಬಿಟ್ಟೆ, ಮೈ ನೀಲಿಯಾಯಿತು. ನಿನ್ನ ಅವ್ವ ಸುಬ್ಬಿ ಏಳಲಾರದೆ ಮಲಗಿದ್ದವಳು, “ಹಿಂಗೇ ಕಳ್ಸ್‌ಬೇಡಿ. ನೀವೇ ಮಾಡಿ. ನಿಮ್ಗೆ ಓದಕ್ಕೆ ಬರ್ತದಲ್ಲಾ” ಎಂದಳು. ಓದಲು ಬರುವವನು ಲೈನಿನಲ್ಲಿ ನಾನೊಬ್ಬನೇ. ಅಡುಗೆಮನೆಯ ಚೆಂಬಿನಲ್ಲಿ ನೀರು ತಂದು ಮೂರು ಸಲ ನಿನ್ನ ತಲೆಗೆ ಹಾಕಿದೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದೆ.

ನಿನಗೆ ಸತ್ಯವೇದದಿಂದ ಹಿಜ್ಕೀಯ ಎಂಬ ಹೆಸರನ್ನು ನಾನು ಮೂರು ತಿಂಗಳ ಮುಂಚೆಯೇ ಆರಿಸಿ ಇಟ್ಟುಕೊಂಡಿದ್ದೆ. ಆ ಗಳಿಗೆಯಲ್ಲಿ ಅದು ಬಾಯಿಗೇ ಬರಲಿಲ್ಲ. ನಿನ್ನ ಅವ್ವ ಪುಟ್ಟ, ಪುಟ್ಟ ಎಂದು ಅಳುತ್ತಿದ್ದಳು. ಅದೇ ಬಂತು. ದೇವರ ಮುಂದೆ ಹೇಳಿಬಿಟ್ಟ ಹೆಸರನ್ನು ಆಮೇಲೆ ತಿದ್ದಲು ಮನಸ್ಸಾಗಲಿಲ್ಲ. ನಿನ್ನ ಮೊದಲ ಕಾಗದದ ಪ್ರಶ್ನೆಗೆ ಉತ್ತರ ಇದು.

ಸಂಜೆಗೆ ನೀನು ಹಾಲು ಕುಡಿದೆ.

ಮೂರು ವಾರದ ಮೇಲೆ ಆಗಿನ ಪಾದ್ರಿ ಬಂದರು. “ಚೆಕ್‌ರೋಲ್ ಬರೆಯುವ ಕೈಗೆ ಈ ಅಧಿಕಾರ ಯಾರು ಕೊಟ್ಟರು? ನಿನ್ನದು ಬರೀ ನೀರು. ನಾನು ಮಾಡಿ ಬರೆದುಕೊಳ್ಳುತ್ತೇನೆ, ಮಗುವನ್ನು ತಾ” ಎಂದರು. ಕೊಡಲಿಲ್ಲ. ಬರೀ ನೀರಾಗಿದ್ದರೆ ಆ ಮಧ್ಯಾಹ್ನ ನಾನು ಯಾರ ಹೆಸರು ಹೇಳಿದೆ? ತಪ್ಪೊಪ್ಪಿಕೊಳ್ಳುವವರೆಗೆ ನನಗೆ ಕರ್ತನ ಭೋಜನವಿಲ್ಲ ಎಂದರು. ಇಲ್ಲದಿದ್ದರೆ ಬೇಡ ಎಂದೆ. ಅಂದಿನಿಂದ ಆರಾಧನೆಯಲ್ಲಿ ನನಗೆ ಹಿಂದಿನ ಬೆಂಚು. ಪ್ರತಿಸಲ ರೊಟ್ಟಿ ಹಂಚುವ ಮುಂಚೆ ದನ ಕಟ್ಟಬೇಕು ಎಂದು ಎದ್ದು ಹೋಗುತ್ತಿದ್ದೆನಲ್ಲ. ನಮಗೆ ದನ ಎಲ್ಲಿತ್ತು? ನೀನು ಒಮ್ಮೆಯೂ ಕೇಳಲಿಲ್ಲ.

ನಿನ್ನ ಅವ್ವ ಸಾಯುವ ತನಕ ಕೇಳಿಕೊಂಡಳು, ಒಂದು ಸಲ ಸೋಲಿ, ಮಗುವಿನ ಹೆಸರು ಪುಸ್ತಕಕ್ಕೆ ಸೇರಲಿ ಎಂದು. ನಾನು ಸೋಲಲಿಲ್ಲ. ನೀನು ದೃಢೀಕರಣ ಹೊಂದಿ ಕರ್ತನ ಭೋಜನಕ್ಕೆ ಸೇರಿದ ವರ್ಷ ಬಂದ ಹೊಸ ಪಾದ್ರಿ ಚೀಟಿ ಕೇಳಲಿಲ್ಲ, ನಾನು ಹೇಳಲಿಲ್ಲ. ಬೆಂಗಳೂರಿನವರೂ ಕೇಳುವುದಿಲ್ಲ ಎಂದೇ ಅಲ್ಲಿಗೆ ಕಳುಹಿಸಲು ನೋಡಿದೆ. ಕುರ್ಚಿಯ ಆಸೆಗಲ್ಲ.

ಬೋಜ

*

ಪಾಲಿಬೆಟ್ಟ
17 ಮೇ 1953

ಪುಟ್ಟನಿಗೆ,

ನಿನ್ನಿಂದ ಉತ್ತರವಿಲ್ಲ. ಐದು ದಿನದಿಂದ ಹಾಜರಿ ಕರೆಯುವಾಗ ಹೆಸರು ತಪ್ಪುತ್ತಿದೆ.

ನಾನು ಯೋಚಿಸಿದೆ. ನನ್ನ ಹಟಕ್ಕೆ ನನ್ನ ಬಾಳು ಸಾಕು, ನಿನ್ನದು ಬೇಡ. ಮಡಿಕೇರಿಗೆ ಹೋಗಿ ದೀಕ್ಷಾಸ್ನಾನ ಮಾಡಿಸಿಕೊ. ಚೀಟಿ ತೆಗೆದುಕೊ, ಮಂಗಳೂರಿಗೇ ಹೋಗು. ಹೆಸರೂ ಹಿಜ್ಕೀಯ ಎಂದು ಇಡಿಸಿಕೊ. ತಪ್ಪಾಯಿತು ಎಂದು ನನ್ನಿಂದ ಬರೆಸಬೇಕೆಂದರೆ ಬರೆದುಕೊಡುತ್ತೇನೆ.

ಬೋಜ

*

ಕೊಡ್ಲಿಪೇಟೆ
17 ಮೇ 1953

ಅಪ್ಪ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಸಿಟ್ಟು ಇಳಿದಿಲ್ಲ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ರಿಜಿಸ್ಟರಿನ ಮುಂದೆ ನನ್ನನ್ನು ಹಾಗೆ ನಿಲ್ಲಿಸಿದಿರಿ. ಅವ್ವನ ಮಾತನ್ನೂ ಕೇಳಲಿಲ್ಲ. ಅದನ್ನು ಕ್ಷಮಿಸಲು ನನಗೆ ಇನ್ನೂ ದಿನ ಬೇಕು.

ಈಗಿನ ಪಾದ್ರಿಗಳು ಒಳ್ಳೆಯವರು. ಅವರಿಗೆ ಎಲ್ಲ ಬರೆದಿದ್ದೆ. “ಭಾನುವಾರ ಬಾ, ದೀಕ್ಷಾಸ್ನಾನ ಮಾಡೋಣ. ಐದು ನಿಮಿಷದ ಕೆಲಸ. ಬೇಕಾದರೆ ಒಳ್ಳೆಯ ಹೆಸರೂ ಇಡೋಣ” ಎಂದು ಉತ್ತರ ಬರೆದರು. ಹೊರಟಿದ್ದೆ. ಅಂಗಿ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೆ. ನಿನ್ನೆ ಬಸ್ಸು ಬಂತು, ನಾನು ಹತ್ತಲಿಲ್ಲ. ಐದು ನಿಮಿಷದ ಕೆಲಸ ಎಂಬ ಮಾತು ಹತ್ತಲು ಬಿಡಲಿಲ್ಲ. ನಾಳೆ ನಾನು ಪಾದ್ರಿಯಾಗಿ, ಮಳೆಯಲ್ಲಿ ಯಾವುದೋ ಲೈನಿಗೆ ತಡವಾಗಿ ಹೋಗಿ, ಅಲ್ಲೊಬ್ಬ ತಂದೆಗೆ ನಿನ್ನದು ಬರೀ ನೀರು ಎಂದು ಹೇಳಬೇಕೇ? ಅದಕ್ಕೇ ಓದುತ್ತಿದ್ದೇನೆಯೇ?

ಬೆಂಗಳೂರಿನವರ ಎರಡನೆಯ ಕಾಗದವೂ ಬಂತು. ರೈಟರ್ ಎಂದರೆ ಏನೆಂದು ತಿಳಿಯಿತು, ಆದರೂ ಬರಬಹುದು ಎಂದಿದ್ದಾರೆ. ಹೋಗುವುದಿಲ್ಲ. ಚೀಟಿ ಕೇಳದವರ ಹಿಂದೆ ಬಚ್ಚಿಟ್ಟುಕೊಂಡು ಈ ಕೆಲಸ ಶುರುಮಾಡಲಾರೆ.

ಮಂಗಳೂರಿನ ಫಾರಂ ನಿನ್ನೆ ಕಳುಹಿಸಿದೆ. ಚೀಟಿ: ಇಲ್ಲ. ದೀಕ್ಷಾಸ್ನಾನ ಕೊಟ್ಟವರು: ಬೋಜ, ರೈಟರ್. ಹೆಸರು: ಪುಟ್ಟ.

ಮಹದೇವಪ್ಪನವರು ಕೇಳಿ, “ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ನಿಮ್ಮಲ್ಲೂ ಅದೇನಾ ಮೇಷ್ಟ್ರೇ?” ಎಂದರು.

ಪುಟ್ಟ

*

ಕೊಡ್ಲಿಪೇಟೆ
6 ಜೂನ್ 1953

ಅಪ್ಪನವರಿಗೆ,

ನಮ್ಮಿಬ್ಬರ ಕಾಗದಗಳೂ ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋದವು. ಇಪ್ಪತ್ತೆರಡು ವರ್ಷ ಸೋಲದವರು ನಾನು ಗೆದ್ದ ದಿನವೇ ಸೋಲಬೇಕಿತ್ತೇ? ನೀವು ತಪ್ಪಾಯಿತು ಎಂದು ಏನನ್ನೂ ಬರೆಯಬೇಡಿ.

ಸೆಮಿನರಿಯವರು ಬೇಡ ಎಂದಿಲ್ಲ, ಬಾ ಎಂದೂ ಇಲ್ಲ. ಆ ಹೊತ್ತಿನಲ್ಲಿ ಅಲ್ಲಿದ್ದ, ತಂದೆತಾಯಿಯಲ್ಲದ ಒಬ್ಬರ ಸಾಕ್ಷಿ ಬೇಕಂತೆ. ಜೂನ್ 25ರೊಳಗೆ. ಆ ಮಳೆಯಲ್ಲಿ ಅಲ್ಲಿ ಯಾರಿದ್ದರು? ಇದ್ದರೂ ಇಷ್ಟು ವರ್ಷದ ಮೇಲೆ ಬದುಕಿದ್ದಾರೆಯೇ? ಒಂದು ಕಾಗದ ಕೊಟ್ಟರೆ ಇನ್ನೊಂದು ಕೇಳುತ್ತಾರೆ. ನನಗೆ ಸಾಕಾಗಿದೆ. ಇಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಯಿತು. ಅತ್ತ ಸೆಮಿನರಿಯೂ ಇಲ್ಲ, ಇತ್ತ ಸ್ಕೂಲೂ ಇಲ್ಲ.

ಪುಟ್ಟ

*

ಪಾಲಿಬೆಟ್ಟ
13 ಜೂನ್ 1953

ಪ್ರಿಯ ಮಗನಿಗೆ,

ದೊಡ್ಡಿ ಇದ್ದಳು. ನಿನ್ನ ಅವ್ವನ ಹೆರಿಗೆ ಮಾಡಿಸಿದ್ದೂ ಅವಳೇ. ಆ ದಿನ ನಿನ್ನನ್ನು ಎತ್ತಿಕೊಂಡವಳೂ ಅವಳೇ. ಅವಳು ನಮ್ಮ ಸಭೆಯವಳಲ್ಲ, ಅವಳ ದೇವರು ಬೇರೆ. ಆದರೆ ಸಾಕ್ಷಿ ಯಾವ ದೇವರವರಾಗಿರಬೇಕು ಎಂದು ಅವರು ಕೇಳಿಲ್ಲ.

ನರ್ಸರಿಗೆ ಹೋಗಿ ಕೇಳಿದೆ. ಕೈಯಲ್ಲಿ ಸಸಿ ಹಿಡಿದುಕೊಂಡೇ ಹೇಳಿದಳು: “ಮರೆಯೋದೆಂಗೆ ರೈಟ್ರೇ? ನೀರು ತಣ್ಗಿತ್ತು, ಮಗೀಗೆ ಆಗಲ್ಲ ಅಂತ ಬಿಸಿ ಮಾಡಿ ಕೊಟ್ಟದ್ದು ನಾನೇ. ನೀವು ಏನೋ ಹೇಳ್ತಾ ಅಳ್ತಾ ಇದ್ರಿ. ಪುಟ್ಟ ಅಂದ್ರಿ.”

ಇದಕ್ಕೆ ಈಗ ಕಾಗದ ಬೇಕಂತೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. “ಯಾಕೆ, ಅದು ಹಿಡೀಲಿಲ್ವಾ? ಮಗ ಬದ್ಕಿದ್ನಲ್ಲಾ! ಹಿಡ್ದ ಗಿಡಾನ ಯಾರಾದ್ರೂ ಕಿತ್ತು ಇನ್ನೊಂದ್ಸಲ ನೆಡ್ತಾರಾ?” ಎಂದಳು.

ನಾನು ಆ ಪಾದ್ರಿಗೆ ಹೇಳಬೇಕಾಗಿದ್ದ ಮಾತು ಅದು. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಚೆಕ್‌ರೋಲಿನ ಶಾಯಿಯಲ್ಲೇ ಅವಳ ಹೆಬ್ಬೆಟ್ಟು ಒತ್ತಿಸಿದ್ದೇನೆ. ಬೆರಳಿನಲ್ಲಿ ಮಣ್ಣಿತ್ತು, ತೊಳೆಯಲು ಒಪ್ಪಲಿಲ್ಲ. ಗುರುತು ಸ್ವಲ್ಪ ಕದಡಿದೆ. ಕೆಳಗೆ ‘ಬರೆದವನು: ಬೋಜ, ರೈಟರ್’ ಎಂದು ನನ್ನ ರುಜು ಇದೆ.

ಅವರು ಒಪ್ಪದಿದ್ದರೆ ಮನೆಗೆ ಬಾ.

ನಿನ್ನ ಅಪ್ಪ

*

ಮಂಗಳೂರು
5 ಜುಲೈ 1953

ಪ್ರೀತಿಯ ಅಪ್ಪನವರಿಗೆ ಮಗ ಪುಟ್ಟನ ವಂದನೆಗಳು.

ಬಂದು ನಾಲ್ಕು ದಿನವಾಯಿತು. ಇಲ್ಲಿನ ಸೆಕೆ ಹೇಳತೀರದು, ಮಳೆ ಬಿದ್ದರೂ ಬೆವರು. ನೀವು ಒತ್ತಾಯ ಮಾಡಿ ತುಂಬಿಸಿದ ಕೋಟು ಪೆಟ್ಟಿಗೆಯಲ್ಲೇ ಇದೆ.

ನನ್ನನ್ನು ಪೂರ್ತಿ ಸೇರಿಸಿಕೊಂಡಿಲ್ಲ. ಒಂದು ವರ್ಷ ನೋಡುತ್ತಾರಂತೆ. ನನ್ನ ದೀಕ್ಷಾಸ್ನಾನದ ಮುಂದೆ ‘ವಿಚಾರಣೆಯಲ್ಲಿದೆ’ ಎಂದು ಬರೆದಿದ್ದಾರೆ. ಓದಿದಾಗ ಮೈ ಉರಿಯಿತು. ಅದೇ ಪುಸ್ತಕದಲ್ಲಿ ಉಳಿದ ಹತ್ತು ಜನರ ಹೆಸರಿನ ಮುಂದೆ ಊರು, ತಾರೀಖು, ಪಾದ್ರಿಯ ಹೆಸರು ಎಲ್ಲ ಚೊಕ್ಕವಾಗಿವೆ. ಜೊತೆಯವರು ಈಗಾಗಲೇ ಪುಟ್ಟ ಪಾದ್ರಿ ಎನ್ನುತ್ತಿದ್ದಾರೆ. ಎನ್ನಲಿ. ಹಿಜ್ಕೀಯ ನನಗೆ ಬೇಡ.

ಮುಂದಿನ ರಜೆಗೆ ಬಂದಾಗ ನಿಮ್ಮ ಜೊತೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ದನ ಕಟ್ಟುವ ಹೊತ್ತಿಗೆ ಇಬ್ಬರೂ ಏಳೋಣ.

ನಿನ್ನೆ ಆಫೀಸಿನ ಗುಮಾಸ್ತರು ರಿಜಿಸ್ಟರು ತುಂಬಿಸುತ್ತಾ ತಂದೆಯ ಉದ್ಯೋಗ ಕೇಳಿದರು. ರೈಟರ್ ಎಂದೆ. ಅವರು ತಲೆಯೆತ್ತಿ, “ಹೌದಾ? ಯಾವ ಪುಸ್ತಕ ಬರೆದಿದ್ದಾರೆ?” ಎಂದು ಕೇಳಿದರು.

“ಒಂದೇ ಹಾಳೆ” ಎಂದೆ. “ನಿಮ್ಮ ಫೈಲಿನಲ್ಲೇ ಇದೆ, ನೋಡಿ.”

ನಿಮ್ಮ ಮಗ,
ಪುಟ್ಟ